ಮೊದಲ ಹೆಸರ ಬರಿ, ಆಮ್ಯಾಲ ಕೈ ಹಚ್ಚು

ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಲ್ಲ ಕಟ್ಟೆಗಳ ಮೇಲೂ ಒಂದೇ ಮಾತು: ಕಾಟಾ ಸರಿ ಐತೇನು? ಟ್ರ್ಯಾಕ್ಟರಿನಲ್ಲಿ ಎಷ್ಟು ಟನ್ ಕಬ್ಬು ಇದೆ ಎಂದು ರೈತನಿಗೆ ಅಂದಾಜು ಇದ್ದೇ ಇರುತ್ತದೆ. ಆದರೆ ಬಿಲ್ಲು ಆಗುವುದು ಅಂದಾಜಿನ ಮೇಲಲ್ಲ, ಕಾಟಾ ಹೇಳಿದ ಮಾತಿನ ಮೇಲೆ. ಅದು ಸುಳ್ಳು ಹೇಳಿದರೆ ಆ ದಿನ ಅದರ ಮೇಲೆ ಹತ್ತಿ ಇಳಿದ ಎಲ್ಲ ಗಾಡಿಗಳ ಲೆಕ್ಕವೂ ಸುಳ್ಳು. ಅದಕ್ಕೇ ಕಾಟಾಕ್ಕೆ ಸರಕಾರದ ಮುದ್ರೆ ಬೇಕು, ಮುದ್ರೆಗೆ ಅವಧಿ ಬೇಕು.

ವಿಮಾನಕ್ಕೂ ಇಂಥ ಕಾಟಾಗಳಿವೆ. ವಿಮಾನ ಎಷ್ಟು ಎತ್ತರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಪೈಲಟ್‌ಗೆ ಹೇಳುವ ಮೀಟರುಗಳು ಸರಿ ಇವೆಯೋ ಇಲ್ಲವೋ ಎಂದು ನೆಲದ ಮೇಲೆ ನಿಂತು ಪರೀಕ್ಷೆ ಮಾಡುವ ಪೆಟ್ಟಿಗೆಗಳು ಅವು. ವಾಯುಪಡೆಯಲ್ಲಿ ಪ್ರತಿ ಬಗೆಯ ವಿಮಾನಕ್ಕೂ ಅದರದೇ ಪರೀಕ್ಷಾ ಪೆಟ್ಟಿಗೆ, ಅದರದೇ ಬೆಂಚು ಇರುತ್ತವೆ. ವಿಮಾನಕ್ಕೆ ವಯಸ್ಸಾಗಿ ನಿವೃತ್ತಿಯಾದರೆ ಪೆಟ್ಟಿಗೆಗೂ ನಿವೃತ್ತಿ. ವಿಮಾನವನ್ನು ಸರ್ಕಲ್ಲಿನಲ್ಲಿ ನಿಲ್ಲಿಸಿ ಜನ ಫೋಟೊ ತೆಗೆದುಕೊಳ್ಳುತ್ತಾರೆ. ಪೆಟ್ಟಿಗೆಯ ಗತಿ ಏನು?

ಈ ಪ್ರಶ್ನೆ ನಮಗೆ ತಾನಾಗಿ ಹೊಳೆದದ್ದಲ್ಲ. ಅಂಕಲಗಿಯ ಒಂದು ಗುಜರಿ ಅಂಗಡಿಯ ಅಂಗಳದಲ್ಲಿ ನಾಲ್ಕು ದಿನ ಕುಳಿತು ಇಂಥ ಪೆಟ್ಟಿಗೆಗಳನ್ನು ಬಿಚ್ಚಿ, ಪಟ್ಟಿ ಮಾಡಿ, ಮತ್ತೆ ಯಾರೂ ಬಳಸಲಾಗದಂತೆ ಕೆಡಿಸಿದ ಮೇಲೆ ಬಂದದ್ದು. ಆ ನಾಲ್ಕು ದಿನದಲ್ಲಿ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಗುಜರಿ ವ್ಯಾಪಾರ ಮಾಡುವವರು, ಅವರ ಕೈಕೆಳಗೆ ದುಡಿಯುವ ಹುಡುಗರು, ಹತ್ತರಗಿಗೆ ಕೆಲಸಕ್ಕೆ ಹೋಗುವವರು ಓದಲೇಬೇಕು.

ಬಂಗಾರವೋ ಭಂಗಾರವೋ

ನಮ್ಮ ಗಡಿಸೀಮೆಯಲ್ಲಿ ಎರಡು ಪದಗಳು ಅಕ್ಕಪಕ್ಕ ಬದುಕುತ್ತವೆ. ಕನ್ನಡದ ಬಂಗಾರ, ಮರಾಠಿಯ ಭಂಗಾರ. ಒಂದು ಕೊರಳಿಗೆ ಹೋಗುತ್ತದೆ, ಇನ್ನೊಂದು ಗುಜರಿಗೆ. ನಡುವೆ ಇರುವುದು ಒಂದು ಉಸಿರಿನ ಅಂತರ. ಅಂಗಡಿಯ ಅಣ್ಣ ಈ ಮಾತು ಹೇಳಿ ನಗುತ್ತಾರೆ. ಈ ಸಲ ಬಂದ ಸಾಮಾನು ಯಾವುದು ಎಂದು ಅವರಿಗೂ ತಿಳಿದಿರಲಿಲ್ಲ.

ಒಂದು ಕಾಲೇಜು ತನ್ನ ಹಳೆಯ ಪ್ರಯೋಗಾಲಯವನ್ನು ಖಾಲಿ ಮಾಡಿ ಎಲ್ಲವನ್ನೂ ತೂಕದ ಮೇಲೆ ಮಾರಿತ್ತು. ವಿದ್ಯಾರ್ಥಿಗಳಿಗೆ ಕಲಿಸಲೆಂದು ಎಂದೋ ತರಿಸಿದ್ದ ಸೇನೆಯ ಹಳೆಯ ಪೆಟ್ಟಿಗೆಗಳು ಅದರಲ್ಲಿದ್ದವು. ಹಸಿರು ಬಣ್ಣ, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಒಳಗೆ ಗಡಿಯಾರದಂಥ ದುಂಡನೆಯ ಮೀಟರುಗಳು, ಕೈಪಂಪು, ರಬ್ಬರಿನ ಕೊಳವೆ, ಹೆಬ್ಬೆರಳು ದಪ್ಪದ ಕೇಬಲ್ಲು. ಅಣ್ಣ ಸಾಲ ಮಾಡಿ ಇಡೀ ಲಾಟನ್ನು ಎತ್ತಿದ್ದರು. ಅಂಗಡಿಯ ಹುಡುಗರು ಸುತ್ತಿಗೆ ಹಿಡಿದು ನಿಂತಿದ್ದರು: ತಾಮ್ರ ಬೇರೆ, ಅಲ್ಯುಮಿನಿಯಂ ಬೇರೆ, ಉಳಿದದ್ದು ಮೋಡಕಾ.

ನಮ್ಮ ಜೊತೆಗೆ ಬಂದಿದ್ದ ಕಾಕಾ ಅವರನ್ನು ತಡೆದರು. ಕಾಕಾ ವಾಯುಪಡೆಯಲ್ಲಿ ಮೀಟರುಗಳ ರಿಪೇರಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಮ್ಮ ಕಡೆಯ ಬಹಳ ಮಂದಿಗೆ ವಾಯುಪಡೆ ಎಂದರೆ ಸಾಂಬ್ರಾ. 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟಿಷರು ಕಟ್ಟಿದ ವಿಮಾನ ನಿಲ್ದಾಣ ಅದು. ಈಗ ಅಲ್ಲಿ ವಾಯುಪಡೆಗೆ ಹೊಸದಾಗಿ ಸೇರಿದ ಹುಡುಗರಿಗೆ ತರಬೇತಿ ಕೊಡುವ ಶಾಲೆ ಇದೆ. ಬೆಳಗಾವಿಯಿಂದ ಸಾಂಬ್ರಾ ದಾಟಿ ನಮ್ಮ ಕಡೆ ಬರುವ ಬಸ್ಸಿನಲ್ಲಿ ಕುಳಿತವರು ಆ ಗೋಡೆಯನ್ನು ನೋಡಿಯೇ ಇರುತ್ತಾರೆ.

ಕಾಕಾ ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿ, ಧೂಳು ಒರೆಸಿ ಅಂದರು: "ತಮ್ಮಾ, ಇದು ವಿಮಾನದ ಕಾಟಾ ಇದ್ದಂಗ. ಬಡದ ಒಡದರ ಸತ್ತಹೋತು ಅಂತ ತಿಳಕೋಬ್ಯಾಡ. ಮೊದಲ ಹೆಸರ ಬರಿ, ಆಮ್ಯಾಲ ಕೈ ಹಚ್ಚು."

ನೆಲದ ಮೇಲೆ ನಿಂತೇ ಆಕಾಶಕ್ಕೆ

ಮೊದಲು ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಮೇಲೆ ಹೋದಂತೆಲ್ಲ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸುಮಾರು 18,000 ಅಡಿ ಎತ್ತರಕ್ಕೆ ಹೋದರೆ ಸಮುದ್ರ ಮಟ್ಟದಲ್ಲಿ ಇದ್ದದ್ದರ ಅರ್ಧದಷ್ಟೇ ಉಳಿಯುತ್ತದೆ. ಎತ್ತರ ತೋರಿಸುವ ಮೀಟರಿನ ಒಳಗೆ ತೆಳುವಾದ ಲೋಹದ ಒಂದು ಡಬ್ಬಿ ಇದೆ. ಅದರೊಳಗಿನ ಗಾಳಿಯನ್ನು ತೆಗೆದು ಮುಚ್ಚಿರುತ್ತಾರೆ. ಹೊರಗಿನ ಒತ್ತಡ ಇಳಿದಂತೆ ಡಬ್ಬಿ ಉಬ್ಬುತ್ತದೆ, ಉಬ್ಬಿದ್ದು ಹಲ್ಲಿನ ಚಕ್ರಗಳ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ಅಷ್ಟೇ.

ಪರೀಕ್ಷೆಯ ಪೆಟ್ಟಿಗೆಯಲ್ಲಿ ಕೈಪಂಪಿನಿಂದ ಕೊಳವೆಯೊಳಗಿನ ಗಾಳಿ ಎಳೆಯುತ್ತಾರೆ. ವಿಮಾನ ನೆಲದ ಮೇಲೆಯೇ ಇರುತ್ತದೆ, ಆದರೆ ಅದರ ಮುಳ್ಳು ಐದು ಸಾವಿರ, ಹತ್ತು ಸಾವಿರ ಅಡಿ ಎಂದು ಏರುತ್ತಾ ಹೋಗುತ್ತದೆ. ಪೆಟ್ಟಿಗೆಯಲ್ಲಿ ಇರುವ ಮೀಟರು, ವಿಮಾನದಲ್ಲಿ ಇರುವ ಮೀಟರು, ಎರಡೂ ಒಂದೇ ಎತ್ತರ ತೋರಿಸಬೇಕು. ವ್ಯತ್ಯಾಸ ಬಂದರೆ ಪೆಟ್ಟಿಗೆ ಹೇಳಿದ್ದೇ ಸರಿ ಎಂದು ಹಿಡಿಯುತ್ತಾರೆ.

ಇಲ್ಲೇ ಅಪಾಯ ಇರುವುದು. ವಿಮಾನದ ಮೀಟರು ಕೆಟ್ಟರೆ ಒಂದು ವಿಮಾನ ಕೆಟ್ಟಂತೆ. ಪೆಟ್ಟಿಗೆ ಕೆಟ್ಟಿದ್ದರೆ ಅದು ಪರೀಕ್ಷೆ ಮಾಡಿದ ಅಷ್ಟೂ ವಿಮಾನಗಳು ಕೆಟ್ಟಂತೆ. ಅವಧಿ ಮುಗಿದ ಕಾಟಾವನ್ನು ಯಾರೋ ಒಯ್ದು, ಬಣ್ಣ ಬಳಿದು, ಇನ್ನೊಂದು ಊರಿನಲ್ಲಿ ಕೂರಿಸಿದರೆ ಹೇಗೆ? ಹಾಗೆಯೇ. ಆದ್ದರಿಂದ ಸೇವೆಯಿಂದ ಹೊರಬಿದ್ದ ಪೆಟ್ಟಿಗೆ ಮತ್ತೆ ಸೇವೆಗೆ ಹೋಗದಂತೆ ಅದನ್ನು ಕೆಡಿಸಬೇಕು.

ಕೆಡಿಸುವುದು ಎಂದರೆ ಒಡೆಯುವುದು ಎಂದೇ ನಾವೂ ತಿಳಿದಿದ್ದೆವು. ಆ ದಿನ ಚಹಾ ಕುಡಿಯುತ್ತಾ ಕಾಕಾ ಕಾನಪುರದ ಕಥೆ ತೆಗೆದರು. ಆಮೇಲೆ ನಾವೇ ಹುಡುಕಿ ಓದಿದೆವು. ನಿಜವಾಗಿ ನಡೆದ ಕಥೆ, ಅದರ ಅರ್ಧ ಭಾಗ ನಮ್ಮ ಬೆಂಗಳೂರಿನದು.

ಕಾನಪುರದಲ್ಲಿ ಒಡೆದದ್ದು, ಬೆಂಗಳೂರಿನಲ್ಲಿ ಎದ್ದದ್ದು

ಮಹಾಯುದ್ಧದ ಕಾಲದಲ್ಲಿ ಅಮೆರಿಕ ತನ್ನ ಮಿತ್ರ ದೇಶಗಳಿಗೆ ಎರವಲಿನ ಕರಾರಿನ ಮೇಲೆ ವಿಮಾನ ಕೊಟ್ಟಿತ್ತು. ಬ್ರಿಟಿಷ್ ವಾಯುಪಡೆಗೆ ಹೀಗೆ ಬಂದದ್ದು ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್. ಯುದ್ಧ ಮುಗಿದ ಮೇಲೆ ಕರಾರಿನಂತೆ ಅವನ್ನು ತಿರುಗಿ ಕೊಡಬೇಕು, ಇಲ್ಲವೇ ಬಳಕೆಗೆ ಬಾರದಂತೆ ಮಾಡಬೇಕು. ಭಾರತದಲ್ಲಿದ್ದ ಬಹಳಷ್ಟು ಲಿಬರೇಟರುಗಳನ್ನು ಕಾನಪುರದ ಚಕೇರಿ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಿ ಕೆಡಿಸಿದರು. ಮೀಟರುಗಳನ್ನು ಒಡೆದರು. ಭಾರಿ ವಾಹನ ಗುದ್ದಿಸಿದರು. ಮೈಗೆ ತೂತು ಕೊರೆದರು. ಎಂಜಿನ್ನಿಗೆ ಮರಳು ಹಾಕಿದರು. ಇನ್ನು ಇವು ಏಳುವುದಿಲ್ಲ ಎಂದು ಹೊರಟುಹೋದರು.

ಸ್ವಾತಂತ್ರ್ಯ ಬಂತು, ಕಾಶ್ಮೀರದಲ್ಲಿ ಯುದ್ಧ ಸುರುವಾಯಿತು. ನಮ್ಮ ವಾಯುಪಡೆಗೆ ಭಾರಿ ಬಾಂಬರ್ ಒಂದೂ ಇರಲಿಲ್ಲ. ಆಗ ಕಾನಪುರದ ಆ ರಾಶಿಯನ್ನು ನೋಡಲು ಹೋದವರು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು, ಇಂದಿನ ಎಚ್‌ಎಎಲ್. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ ಸುರುಮಾಡಿದ ಕಾರ್ಖಾನೆ ಅದು. ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಸೇನೆಯ ವಿಮಾನಗಳ ರಿಪೇರಿ ಅಲ್ಲಿ ನಡೆದಿತ್ತು. ಅಮೆರಿಕದ ವಿಮಾನಗಳಲ್ಲಿ ಯಾವ ಭಾಗ ಎಲ್ಲಿ ಕೂಡುತ್ತದೆ, ಅದರ ಕೆಲಸ ಏನು ಎಂಬ ತಿಳಿವಳಿಕೆ ಅಲ್ಲಿನ ಕೆಲಸಗಾರರ ಕೈಯಲ್ಲಿ ಉಳಿದಿತ್ತು.

ಅವರು ರಾಶಿಯಲ್ಲಿ ಆರಿಸಿದರು. ಒಂದರಲ್ಲಿ ಮುರಿದದ್ದು ಇನ್ನೊಂದರಲ್ಲಿ ಗಟ್ಟಿಯಾಗಿತ್ತು. ಇದರ ರೆಕ್ಕೆ, ಅದರ ಎಂಜಿನ್ನು, ಮತ್ತೊಂದರ ಮೀಟರು. ಕಾನಪುರದಲ್ಲೇ ತೇಪೆ ಹಾಕಿ, ಒಂದೊಂದನ್ನಾಗಿ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಹಾರಿಸಿದವರು ಕಾರ್ಖಾನೆಯ ಪೈಲಟ್ ಜಮ್‌ಷೆಡ್ ಮುನ್ಷಿ. 1948ರ ನವೆಂಬರಿನಲ್ಲಿ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವೇ ವಿಮಾನಗಳಿಂದ ಎದ್ದು ನಿಂತಿತು. ಹೀಗೆ ಎದ್ದವು ನಲವತ್ತಕ್ಕೂ ಹೆಚ್ಚು. 1968ರವರೆಗೆ ಅವು ಸೇವೆಯಲ್ಲಿದ್ದವು. ಆಮೇಲೆ ಕೆಲವು ಅಮೆರಿಕ, ಬ್ರಿಟನ್, ಕೆನಡಾ ದೇಶಗಳ ವಸ್ತುಸಂಗ್ರಹಾಲಯಗಳಿಗೆ ಹೋದವು. ತಮ್ಮ ದೇಶದ ವಿಮಾನವನ್ನು ನೋಡಲು ಅವರು ನಮ್ಮಲ್ಲಿ ಉಳಿದದ್ದನ್ನು ಒಯ್ಯಬೇಕಾಯಿತು.

ಈ ಕಥೆ ಕೇಳಿದ ಯಾರಿಗಾದರೂ ಎದೆ ಉಬ್ಬುತ್ತದೆ. ನಮಗೂ ಉಬ್ಬಿತು. ಆದರೆ ಕಾಕಾ ಅದನ್ನು ಇನ್ನೊಂದು ಕಡೆಯಿಂದ ನೋಡಲು ಕಲಿಸಿದರು. "ಒಡದಾವ್ರ ಕಡೆ ಸುತ್ತಿಗಿ ಇತ್ತು, ಪಟ್ಟಿ ಇರಲಿಲ್ಲ. ಕಟ್ಟಿದಾವ್ರ ಕಡೆ ಪಟ್ಟಿ ಇತ್ತು."

ಯೋಚಿಸಿ ನೋಡಿದರೆ ಅದು ನಿಜ. ಸಿಕ್ಕಸಿಕ್ಕಲ್ಲಿ ಒಡೆದರೆ ಒಂದೊಂದು ವಿಮಾನದಲ್ಲಿ ಒಂದೊಂದು ಭಾಗ ಉಳಿಯುತ್ತದೆ. ಹತ್ತು ಕೆಟ್ಟವುಗಳಿಂದ ನಾಲ್ಕು ಒಳ್ಳೆಯವು ಹುಟ್ಟುತ್ತವೆ. ಅಮೆರಿಕದ ಸೇನೆಯ ಕೈಪಿಡಿಗಳಲ್ಲೇ ಇದಕ್ಕೊಂದು ನಿಯಮ ಇದೆ. ಶತ್ರುವಿನ ಕೈಗೆ ಸಿಗುವ ಸಂದರ್ಭ ಬಂದರೆ ಒಂದೇ ಬಗೆಯ ಎಲ್ಲ ಯಂತ್ರಗಳಲ್ಲೂ ಅದೇ ಮುಖ್ಯ ಭಾಗವನ್ನು ಕೆಡಿಸಬೇಕು, ಬಿಡಿ ಭಾಗಗಳ ಪೆಟ್ಟಿಗೆಯಲ್ಲಿ ಇರುವುದನ್ನೂ ಬಿಡಬಾರದು. ಆಗ ಎಷ್ಟು ಯಂತ್ರ ಕೂಡಿಸಿದರೂ ಒಂದೂ ಏಳುವುದಿಲ್ಲ. ಆದರೆ ಆ ಮುಖ್ಯ ಭಾಗ ಯಾವುದು, ಎಲ್ಲೆಲ್ಲಿ ಇದೆ, ಎಷ್ಟಿವೆ ಎಂದು ಗೊತ್ತಿರದೆ ಈ ಕೆಲಸ ಆಗದು. ಅಂದರೆ ಪಟ್ಟಿ ಮೊದಲು, ಸುತ್ತಿಗೆ ಆಮೇಲೆ.

ಪಟ್ಟಿ ಮಾಡಿದ ದಿನಗಳು

ಅಣ್ಣನ ಅಂಗಡಿಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆವು. ಕ್ರಮ ಸಂಖ್ಯೆ, ಹೆಸರು, ತಗಡಿನ ಮೇಲಿನ ಸಂಖ್ಯೆ, ಏನು ಕೆಲಸ, ಒಳಗೆ ಅಪಾಯ ಏನು, ಹೇಗೆ ಕೆಡಿಸಿದೆವು, ಎಲ್ಲಿಗೆ ಹೋಯಿತು. ನಮ್ಮಲ್ಲಿ ಒಬ್ಬರು ಫೋಟೊ, ಒಬ್ಬರು ಬರವಣಿಗೆ, ಒಬ್ಬರು ಚೀಟಿ ಕಟ್ಟುವುದು.

ಪ್ರತಿ ಪೆಟ್ಟಿಗೆಗೂ ಒಂದು ಸಣ್ಣ ತಗಡು ಇರುತ್ತದೆ. ಅದರ ಸಂಖ್ಯೆ ನಮಗೆ ಬರೀ ಸಂಖ್ಯೆ, ಕಾಕಾಗೆ ಊರು ಮನೆತನ. ಬ್ರಿಟಿಷ್ ವಾಯುಪಡೆಯ ಹಳೆಯ ಪದ್ಧತಿಯಲ್ಲಿ 6ಎ ಎಂದು ಸುರುವಾದರೆ ಅದು ವಿಮಾನದ ಮೀಟರುಗಳ ಗುಂಪು. ಆಮೇಲೆ ಬಂದ ನ್ಯಾಟೊ ಪದ್ಧತಿಯಲ್ಲಿ ಒಟ್ಟು 13 ಅಂಕಿ. ಮೊದಲ 4 ಅಂಕಿ ಯಾವ ಗುಂಪು ಎಂದು, ನಂತರದ 2 ಯಾವ ದೇಶ ಎಂದು, ಉಳಿದ 7 ಆ ವಸ್ತುವಿನದೇ ಸಂಖ್ಯೆ. 6625 ಎಂದರೆ ವಿದ್ಯುತ್ ಅಳೆಯುವ, ಪರೀಕ್ಷಿಸುವ ಸಲಕರಣೆ. 4920 ಎಂದರೆ ವಿಮಾನ ರಿಪೇರಿ ಶಾಲೆಯ ವಿಶೇಷ ಸಲಕರಣೆ. ಆಧಾರ್ ಸಂಖ್ಯೆಗೆ 12 ಅಂಕಿ, ಇದಕ್ಕೆ ಒಂದು ಹೆಚ್ಚು ಎಂದು ಅಂಗಡಿಯ ಹುಡುಗ ಅಂದ. ಅಲ್ಲಿಂದ ನಾವು ಅದನ್ನು ಪೆಟ್ಟಿಗೆಯ ಆಧಾರ್ ಎಂದೇ ಕರೆದೆವು.

ಪಟ್ಟಿ ಮಾಡುತ್ತಾ ಹೋದಂತೆ ಸುತ್ತಿಗೆ ಎತ್ತಿದ್ದ ಹುಡುಗರ ಮುಖ ಬದಲಾಯಿತು.

ಮೊದಲನೆಯದು, ಕಪಾಸಿಟರ್. ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಡಬ್ಬಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಹಳೆಯ ಟಿವಿ ಬಿಚ್ಚಿ ಶಾಕ್ ತಿಂದವರು ನಮ್ಮೂರಲ್ಲೂ ಇದ್ದಾರೆ. ಲೈನ್‌ಮನ್ ಕಂಬ ಹತ್ತುವ ಮುಂಚೆ ತಂತಿಯನ್ನು ನೆಲಕ್ಕೆ ಅರ್ಥಿಂಗ್ ಮಾಡುತ್ತಾನಲ್ಲ, ಇಲ್ಲೂ ಅದೇ ಎಚ್ಚರ ಬೇಕು. ಅದನ್ನು ಗೊತ್ತಿದ್ದವರೇ ಮಾಡಬೇಕು. ಕಾಕಾ ಮಾಡಿದರು, ನಾವು ದೂರ ನಿಂತೆವು.

ಎರಡನೆಯದು ಇನ್ನೂ ದೊಡ್ಡದು. ಎರಡು ಹಳೆಯ ಮೀಟರುಗಳ ಅಂಕಿಗಳ ಮೇಲಿನ ಬಣ್ಣ ಸುಟ್ಟಂತೆ ಕಂದು ತಿರುಗಿತ್ತು. ಕಾಕಾ ಅದನ್ನು ಎತ್ತಿ ನೋಡಿ ಸುಮ್ಮನೆ ಕೆಳಗಿಟ್ಟು ಕೈ ತೊಳೆದು ಬಂದರು. "ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ಗಾಜ ಒಡೀಬ್ಯಾಡ್ರಿ." ಕತ್ತಲಲ್ಲಿ ಕಾಣಲೆಂದು ಹಿಂದೆ ಮೀಟರಿನ ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಹೊಳಪು ಕೆಲವು ವರ್ಷಗಳಲ್ಲಿ ಸಾಯುತ್ತದೆ, ರೇಡಿಯಂ ಸಾಯುವುದಿಲ್ಲ. ಅದರ ಶಕ್ತಿ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅಂದರೆ ಬಸವಣ್ಣನವರ ಕಾಲದಲ್ಲಿ ಹಚ್ಚಿದ್ದರೂ ಇವತ್ತಿಗೆ ಅರ್ಧ ಇಳಿದಿರುತ್ತಿರಲಿಲ್ಲ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಈ ಬಣ್ಣ ಹಚ್ಚುವ ಕೆಲಸದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು, ದವಡೆಯ ಎಲುಬು ಕೊಳೆತು ಸತ್ತರು. ಗಾಜು ಮುಚ್ಚಿದ್ದಾಗ ಅಪಾಯ ಕಡಿಮೆ. ಒಡೆದು ಪುಡಿ ಉಸಿರಿಗೆ, ಬಾಯಿಗೆ ಹೋದರೆ ಅಪಾಯ ಹೆಚ್ಚು.

ಆ ಎರಡನ್ನೂ ಬಿಚ್ಚದೆ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿಟ್ಟು, ಜನ ಓಡಾಡದ ಕೋಣೆಗೆ ಸೇರಿಸಿ ಬೀಗ ಹಾಕಿದೆವು. ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಫೋಟೊ ಸಮೇತ ಬರೆದೆವು. ಅವುಗಳ ಮುಂದಿನ ಹಾದಿ ಅವರು ಹೇಳಿದಂತೆ.

ಇಷ್ಟು ಹೆದರಬೇಕೇ ಎಂದು ಕೇಳುವವರಿಗೆ ಮಾಯಾಪುರಿಯ ಹೆಸರು ಸಾಕು. ದೆಹಲಿಯ ದೊಡ್ಡ ಗುಜರಿ ಬಜಾರ ಅದು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಒಂದು ವಿಕಿರಣ ಯಂತ್ರ 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. ಇಪ್ಪತ್ತೈದು ವರ್ಷದಲ್ಲಿ ಅದರ ಗುರುತು ಗೊತ್ತಿದ್ದವರು ಹೋದರು, ಯಂತ್ರ ಉಳಿಯಿತು. 2010ರಲ್ಲಿ ಅದು ಹರಾಜಿನಲ್ಲಿ ಗುಜರಿಗೆ ಬಂತು. ಒಳಗೆ ಇದ್ದ ಕೋಬಾಲ್ಟ್-60 ಬಿಚ್ಚಿದವರ ಕೈಗೆ ಸಿಕ್ಕಿತು. ಆ ಏಪ್ರಿಲ್‌ನಲ್ಲಿ ಒಬ್ಬ ಕೆಲಸಗಾರ ಸತ್ತ, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಅಲ್ಲಿ ಸತ್ತವನು ಯಂತ್ರ ಕೊಂಡವನಲ್ಲ, ಮಾರಿದವನೂ ಅಲ್ಲ. ಹೆಸರು ಬರೆಯದ ಕಾಗದದ ಭಾರ ಕೊನೆಗೆ ಸುತ್ತಿಗೆ ಹಿಡಿದವನ ಮೇಲೆ ಬಿತ್ತು.

ಒಂದು ಫೋನ್ ಕರೆ

ಮೂರನೆಯ ದಿನ ನಿಜವಾದ ತೊಡಕು ಬಂತು. ಅಣ್ಣ ಮೀಟರುಗಳ ಫೋಟೊವನ್ನು ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರು. ಯಾರೋ ಫೋನ್ ಮಾಡಿದರು. ತೂಕದ ರೇಟಿನ ಹತ್ತು ಪಟ್ಟು ಕೊಡುತ್ತೇನೆ ಅಂದರು. ಎರಡೇ ಷರತ್ತು: ಹೆಸರಿನ ತಗಡು ಕೀಳಬಾರದು, ಪೆಟ್ಟಿಗೆಯಲ್ಲಿ ಪರೀಕ್ಷೆಯ ಕಾಗದಗಳು ಇದ್ದರೆ ಅವೂ ಬೇಕು.

ಅಣ್ಣನ ಮುಖ ಅರಳಿತು. ಸಾಲದ ಕಂತು ಅವರ ತಲೆಯ ಮೇಲಿತ್ತು. ಫೋನ್ ಮಾಡಿದವರು ಹಳೆಯ ಸಾಮಾನು ಕೂಡಿಡುವ ಹವ್ಯಾಸದವರೇ ಇರಬಹುದು. ಆದರೆ ಗೋಡೆಗೆ ತೂಗುಹಾಕುವವನಿಗೆ ಪರೀಕ್ಷೆಯ ಕಾಗದ ಏಕೆ ಬೇಕು ಎಂದು ಕಾಕಾ ಕೇಳಿದರು. ತಗಡು ಮತ್ತು ಕಾಗದ ಕೂಡಿದರೆ ಸತ್ತ ಮೀಟರಿಗೆ ಮತ್ತೆ ಜೀವ ಬಂದಂತೆ. ಅದನ್ನು ಯಾರಾದರೂ ಎಲ್ಲಾದರೂ ಕೂರಿಸಬಹುದು.

ಇದು ಬರೀ ಅನುಮಾನವಲ್ಲ. 1989ರ ಸೆಪ್ಟೆಂಬರ್ 8ರಂದು ನಾರ್ವೆಯ ಒಂದು ವಿಮಾನ ಓಸ್ಲೊದಿಂದ ಹ್ಯಾಂಬರ್ಗ್‌ಗೆ ಹೋಗುವಾಗ ಸಮುದ್ರದ ಮೇಲೆ ಮುರಿದು ಬಿತ್ತು. 55 ಜನ ಇದ್ದರು, ಒಬ್ಬರೂ ಉಳಿಯಲಿಲ್ಲ. ಬಾಲವನ್ನು ಹಿಡಿದಿದ್ದ ಬೋಲ್ಟುಗಳು ಅಸಲಿ ಗುಣಮಟ್ಟದವಾಗಿರಲಿಲ್ಲ ಎಂದು ತನಿಖೆ ಹೇಳಿತು. ಸೇನೆಯ ಮಾತು ಬೇರೆಯೇ ಇದೆ. ಅಮೆರಿಕ 2006ರಲ್ಲಿ ತನ್ನ ಎಫ್-14 ಯುದ್ಧವಿಮಾನಗಳನ್ನು ನಿವೃತ್ತಿ ಮಾಡಿತು. ಆ ವಿಮಾನ ಉಳಿದದ್ದು ಇರಾನ್ ಒಂದರ ಬಳಿ. ಹೆಚ್ಚುವರಿ ಭಾಗಗಳು ಸುತ್ತಿ ಬಳಸಿ ಅಲ್ಲಿಗೆ ಹೋಗಬಹುದು ಎಂಬ ಭಯದಿಂದ 2007ರಲ್ಲಿ ಮಾರಾಟವನ್ನೇ ನಿಲ್ಲಿಸಿ, ವಿಮಾನಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿದರು.

ನಾವು ಇದನ್ನೆಲ್ಲ ಹೇಳಿದೆವು. ಅಣ್ಣ ಕೇಳಿದರು, ಒಪ್ಪಲಿಲ್ಲ. "ನಿಮಗ ಬರ್ಯಾಕ ಕಥಿ ಆತು. ನನಗ ಬಡ್ಡಿ ಕಟ್ಟೂದೈತಿ." ಈ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅದು ಸುಳ್ಳಾಗಿರಲಿಲ್ಲ.

ಅವರ ಮನಸ್ಸು ತಿರುಗಿಸಿದ್ದು ಅವರ ಅಕ್ಕನ ಮಗ. ಅವನು ಹತ್ತರಗಿ ಕಡೆ ಕೆಲಸಕ್ಕೆ ಹೋಗುತ್ತಾನೆ. ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯ ಇದೆ. ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಭಾಗಗಳು ಅಲ್ಲಿಂದ ಹೋಗುತ್ತವೆ. ನಮ್ಮ ಹಳ್ಳಿಗಳ ಹುಡುಗರು, ಹುಡುಗಿಯರು ಬಸ್ಸು ಹತ್ತಿ ಆ ಕೆಲಸಕ್ಕೆ ಹೋಗುತ್ತಾರೆ. ವಿಮಾನದ ಭಾಗ ಮಾಡುವ ಕಡೆಯಲ್ಲೆಲ್ಲ ಒಂದು ಶಿಸ್ತು ಇದೆ. ಅಳತೆ ತಪ್ಪಿದ ಭಾಗಕ್ಕೆ ಗುರುತು ಹಾಕಿ, ಬೀಗದ ಒಳಗಿಟ್ಟು, ಮತ್ತೆ ಬಳಸಲು ಬಾರದಂತೆ ಕತ್ತರಿಸಿದ ಮೇಲೆಯೇ ಗುಜರಿಗೆ ಬಿಡಬೇಕು. ಅವನು ಮಾವನಿಗೆ ಹೇಳಿದ್ದು ಇಷ್ಟೇ: "ಮಾವಾ, ನಾವ ಅಲ್ಲಿ ಕೂದಲೆಳಿಯಷ್ಟ ಫರಕ ಬಂದ್ರ ಭಾಗಾ ಕತ್ತರಿಸಿ ಹಾಕ್ತೀವಿ. ನೀ ಇಲ್ಲಿ ಪೂರ್ತಿ ಕೆಟ್ಟದ್ದನ್ನ ಚಲೋದು ಅಂತ ಕೊಟ್ರ ನಮ್ಮ ಕೆಲಸಕ್ಕ ಅರ್ಥ ಏನು?"

ಅಣ್ಣ ಆ ರಾತ್ರಿ ಫೋನ್ ತೆಗೆಯಲಿಲ್ಲ.

ಹೇಗೆ ಕೆಡಿಸಿದೆವು

ಅಮೆರಿಕದ ನಾಗರಿಕ ವಿಮಾನಯಾನ ಇಲಾಖೆ 1994ರಲ್ಲಿ ಈ ಬಗ್ಗೆ ಒಂದು ಸಲಹಾ ಸುತ್ತೋಲೆ ಹೊರಡಿಸಿದೆ. ಅದರಲ್ಲಿ ಒಂದು ಮಾತು ನಮಗೆ ಬಹಳ ಹಿಡಿಸಿತು. ಬಣ್ಣ ಬಳಿಯುವುದು, ಚೀಟಿ ಕಟ್ಟುವುದು, ಸಣ್ಣ ತೂತು ಕೊರೆಯುವುದು, ಸುತ್ತಿಗೆಯ ಪೆಟ್ಟು ಹಾಕುವುದು, ಎರಡು ತುಂಡು ಮಾಡುವುದು ಇವೆಲ್ಲ ಸಾಲವು. ಎರಡು ತುಂಡನ್ನು ಬೆಸುಗೆ ಹಾಕಿ ಒಂದು ಮಾಡುವವರು ಇದ್ದಾರೆ. ಅರೆದು, ಸುಟ್ಟು, ಕರಗಿಸಿ, ಸಣ್ಣ ಚೂರು ಮಾಡಿ ಮೂಲ ರೂಪ ತಿರುಗಿ ಬಾರದಂತೆ ಮಾಡಬೇಕು. ಸುತ್ತಿಗೆ ಸಾಲದು ಎಂದು ಕಾನಪುರ ಹೇಳಿದ್ದನ್ನೇ ಸುತ್ತೋಲೆಯೂ ಹೇಳುತ್ತದೆ.

ನಾಲ್ಕನೆಯ ದಿನ ಕಾಕಾ ಹೇಳಿದಂತೆ ಮಾಡಿದೆವು. ಎತ್ತರದ ಮೀಟರುಗಳ ಒಳಗಿನ ಲೋಹದ ಡಬ್ಬಿಯನ್ನು ಚೂರು ಮಾಡಿದೆವು, ಮುಳ್ಳು ತಿರುಗಿಸುವ ಹಲ್ಲಿನ ಚಕ್ರಗಳನ್ನು ಅರೆದೆವು. ಎಲ್ಲ ಮೀಟರುಗಳಲ್ಲೂ ಅದೇ ಭಾಗ, ಬಿಡಿ ಭಾಗಗಳ ಡಬ್ಬಿಯಲ್ಲಿ ಇದ್ದವನ್ನೂ ಬಿಡದೆ. ಗಾಳಿಯ ಕೊಳವೆಯ ಬಾಯಿ ಮುಚ್ಚಿದೆವು. ಹೆಸರಿನ ತಗಡುಗಳ ಫೋಟೊ ತೆಗೆದು, ಸಂಖ್ಯೆ ಬರೆದುಕೊಂಡು, ಕಿತ್ತು ಅರೆದೆವು. ಹಳೆಯ ಪರೀಕ್ಷೆಯ ಕಾಗದಗಳನ್ನು ಚೂರು ಮಾಡಿದೆವು.

ಒಂದು ಪೆಟ್ಟಿಗೆಯಲ್ಲಿ ಸರ್ಕಿಟ್ ಬೋರ್ಡು ಇತ್ತು. ಅದರ ಮೇಲಿನ ಒಂದು ಚಿಪ್ಪಿಗೆ ಸಣ್ಣ ಗಾಜಿನ ಕಿಟಕಿ, ಕಿಟಕಿಯ ಮೇಲೆ ಚೀಟಿ. ಪೆಟ್ಟಿಗೆಯ ನೆನಪು ಇರುವುದು ಅದರಲ್ಲಿ. ಚೀಟಿ ಕಿತ್ತು ಬಿಸಿಲಿಗೆ ಇಟ್ಟರೆ ಒಂದು ವಾರದಲ್ಲಿ ಆ ನೆನಪು ಅಳಿಸುತ್ತದಂತೆ. ನಮ್ಮ ಕಡೆ ಬಿಸಿಲಿಗೇನು ಬರ? ಆದರೂ ಕಾಕಾ ಬಿಸಿಲನ್ನು ನಂಬಲಿಲ್ಲ, ಚಿಪ್ಪನ್ನು ಪುಡಿ ಮಾಡಿದರು.

ಕೇಬಲ್ಲುಗಳ ಕೊನೆಯ ದುಂಡು ಕನೆಕ್ಟರುಗಳ ಒಳಗೆ ಚಿನ್ನದ ಲೇಪದ ಪಿನ್ನುಗಳಿದ್ದವು. ತುಕ್ಕು ಹಿಡಿಯಬಾರದು ಎಂದು ಹಾಗೆ ಮಾಡುತ್ತಾರೆ. ಅಣ್ಣ ನಕ್ಕರು. ಭಂಗಾರದೊಳಗೆ ಬಂಗಾರ ಇದ್ದೇ ಇತ್ತು. ಆದರೆ ಅದನ್ನು ಆಸಿಡ್ ಹಾಕಿ ತೆಗೆಯುವ ಕೆಲಸಕ್ಕೆ ಇಳಿಯಲಿಲ್ಲ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಘಟಕಗಳ ಕೆಲಸ. ಬೋರ್ಡು, ಪಿನ್ನುಗಳನ್ನು ಅಂಥ ಘಟಕಕ್ಕೆ ಕೊಟ್ಟರು. ತಾಮ್ರ, ಅಲ್ಯುಮಿನಿಯಂ ತೂಕಕ್ಕೆ ಹೋಯಿತು. ಕೆಡಿಸಿದ ಮೀಟರುಗಳಲ್ಲಿ ಎರಡನ್ನು ಮುಖ ಬಿಚ್ಚಿ, ಪ್ರದರ್ಶನಕ್ಕೆ ಮಾತ್ರ ಎಂದು ಬರೆದು ಒಂದು ಶಾಲೆಗೆ ಕೊಟ್ಟರು. ಗಾಳಿಯ ಒತ್ತಡದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ಸಿಗದು.

ಒಟ್ಟು ಲೆಕ್ಕದಲ್ಲಿ ಅಣ್ಣನಿಗೆ ಆ ಫೋನಿನವರು ಹೇಳಿದ್ದಕ್ಕಿಂತ ಬಹಳ ಕಡಿಮೆ ಬಂತು. ಸಾಲದ ಅಸಲು ತೀರಿತು, ಲಾಭ ಅಂತ ಹೇಳುವಂಥದ್ದು ಉಳಿಯಲಿಲ್ಲ. ಒಳ್ಳೆಯ ಕೆಲಸ ಮಾಡಿದವರಿಗೆ ಕೈತುಂಬ ದುಡ್ಡು ಬಂತು ಎಂದು ಬರೆಯಲು ನಮಗೂ ಆಸೆ, ಆದರೆ ಬರಲಿಲ್ಲ. ಈ ನಷ್ಟವನ್ನು ಗುಜರಿಯವರು ಒಬ್ಬರೇ ಹೊರಬೇಕೇ ಎಂಬ ಪ್ರಶ್ನೆ ಉಳಿದಿದೆ. ಪೆಟ್ಟಿಗೆ ಮಾರುವವರೇ ಹೆಸರು ಬರೆದು, ಕೆಡಿಸಿ, ಆಮೇಲೆ ಮಾರಿದರೆ ಅಂಕಲಗಿಯ ಅಂಗಳದಲ್ಲಿ ಈ ಪರೀಕ್ಷೆ ಬರುತ್ತಿರಲಿಲ್ಲ.

ಇನ್ನು ಮುಂದೆ

2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್-21 ವಿಮಾನಗಳಿಗೆ ವಾಯುಪಡೆ ವಿದಾಯ ಹೇಳಿತು. ಅರವತ್ತು ವರ್ಷ ದಾಟಿದ ಸೇವೆ ಅದು. ಒಂದು ವಿಮಾನ ಹೋದರೆ ಅದರ ಹಿಂದೆ ಪರೀಕ್ಷೆಯ ಪೆಟ್ಟಿಗೆಗಳು, ಬೆಂಚುಗಳು, ಬಿಡಿ ಭಾಗಗಳ ಗೋದಾಮು ಎಲ್ಲಕ್ಕೂ ಕೆಲಸ ಮುಗಿಯುತ್ತದೆ. ಸರಕಾರದ ಹೆಚ್ಚುವರಿ ಸಾಮಾನು ಈಗ ಹೆಚ್ಚಾಗಿ ಆನ್‌ಲೈನ್ ಹರಾಜಿನಲ್ಲಿ ಹೋಗುತ್ತದೆ. ಒಮ್ಮೆ ಹರಾಜಾದದ್ದು ಕೈಯಿಂದ ಕೈಗೆ ದಾಟಿ ಎಲ್ಲಿಗೆ ಬರುತ್ತದೆ ಎಂದು ಹೇಳಲಾಗದು. ನಿಮ್ಮೂರಿನ ಅಂಗಡಿಗೂ ಬರಬಹುದು.

ಬಂದರೆ ಇಷ್ಟು ಮಾಡಿ. ಸುತ್ತಿಗೆ ಎತ್ತುವ ಮುಂಚೆ ತಗಡಿನ ಫೋಟೊ ತೆಗೆಯಿರಿ. ಮೂರು ಎಲೆಯ ಫ್ಯಾನಿನಂಥ ವಿಕಿರಣದ ಗುರುತು ಕಂಡರೆ, ಅಥವಾ ಹಳೆಯ ಮೀಟರಿನ ಅಂಕಿಗಳ ಬಣ್ಣ ಕಂದಾಗಿದ್ದರೆ ಮುಟ್ಟಬೇಡಿ, ಒಡೆಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. 112ಕ್ಕೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಪ್ಲಗ್ ಕಿತ್ತಿದೆ ಎಂದು ಧೈರ್ಯ ಮಾಡಬೇಡಿ. ನಿಮ್ಮೂರಿನಲ್ಲಿ ವಾಯುಪಡೆಯಲ್ಲೋ ಸೇನೆಯಲ್ಲೋ ದುಡಿದು ಬಂದ ಹಿರಿಯರು ಇದ್ದರೆ ಕರೆದು ತೋರಿಸಿ. ನಮ್ಮ ಹಳ್ಳಿಗಳಲ್ಲಿ ಅಂಥವರಿಗೇನು ಬರವಿಲ್ಲ. ಅವರನ್ನು ಆಗಸ್ಟ್ 15ಕ್ಕೆ ಧ್ವಜ ಕಟ್ಟಲು ಮಾತ್ರ ಕರೆಯುತ್ತೇವೆ, ಅವರ ಕೈಯಲ್ಲಿ ಇರುವ ವಿದ್ಯೆಯನ್ನು ಕೇಳುವುದಿಲ್ಲ.

ಮತ್ತು ಹತ್ತರಗಿಯ ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಇದನ್ನು ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಅಳತೆ ತಪ್ಪಿದ ಒಂದು ಭಾಗವನ್ನು ನೀವು ಬರೆದಿಟ್ಟು ಕತ್ತರಿಸುವ ಆ ಹತ್ತು ನಿಮಿಷ ದಂಡ ಅನ್ನಿಸಬಹುದು. ಅದು ದಂಡವಲ್ಲ. ಎಲ್ಲೋ ಒಂದು ವಿಮಾನ ಇಳಿಯುವಾಗ ಒಳಗೆ ಕುಳಿತವರು ನಿಮ್ಮ ಹೆಸರು ಕೇಳಿರುವುದಿಲ್ಲ. ಅವರು ನಂಬಿರುವುದು ಮಾತ್ರ ನಿಮ್ಮ ಪಟ್ಟಿಯನ್ನೇ.